ಶಾರದಮ್ಮನವರ ಉಪಚಾರ

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಮದುವೆಯಾಗಲಿ ಮುಂಜಿಯಾಗಲಿ, ಹೋಳಿಗೆಯ ಬುಟ್ಟಿ ಸೀದಾ ಶಾರದಮ್ಮನವರ ಕೈಗೆ ಬರುತ್ತಿತ್ತು. ಅಡುಗೆ ಯಾರು ಬೇಕಾದರೂ ಮಾಡಿಕೊಳ್ಳಲಿ, ಬಡಿಸುವುದಕ್ಕೆ ಅವರೇ ಆಗಬೇಕು. ಎಲೆಗೆ ಎರಡು ಹಾಕಿ ಮುಂದಿನ ಎಲೆಗೆ ಹೋಗುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಅದು ಬಡಿಸುವುದೇ? ರೇಷನ್ ಅಂಗಡಿಯವನೂ ಹಾಗೆ ಹಂಚುತ್ತಾನೆ. ಶಾರದಮ್ಮ ನಿಂತು, ಬಗ್ಗಿ, ಉಣ್ಣುವವನ ಮುಖ ನೋಡಿ, "ಇದೇನ್ರೀ, ಹೊಸ ಅಳಿಯನ ಥರ ನಾಚ್ಕೋತೀರಿ? ನಿಮ್ಮತ್ತೆ ಹೆಸರಲ್ಲಿ ಒಂದು ಹಾಕಿಸ್ಕೊಳಿ" ಎನ್ನುತ್ತಿದ್ದರು. ಅವನು ಎರಡು ಕೈಯನ್ನೂ ಎಲೆಗೆ ಅಡ್ಡ ಹಿಡಿದರೆ ಹೆಬ್ಬೆರಳಿನ ಸಂದಿಯಲ್ಲಿ ಹೋಳಿಗೆ ನುಸುಳಿಸುತ್ತಿದ್ದರು. ಮೇಲಿಂದ ತುಪ್ಪ ಬೇರೆ. "ಸಾಕು ಅಂದ್ರೆ ಇನ್ನೂ ಹಿಡಿಸತ್ತೆ ಅಂತ ಅರ್ಥ" ಎಂಬುದು ಅವರ ಸಿದ್ಧಾಂತ. ಮರ್ಯಾದಸ್ಥರು ಕೇಳಿ ಹಾಕಿಸಿಕೊಳ್ಳುವುದಿಲ್ಲ, ಅದಕ್ಕೇ ಬಲವಂತ ಮಾಡಬೇಕು. ಮೂವತ್ತು ವರ್ಷ ಹೀಗೆ ಬಲವಂತ ಮಾಡಿಸಿಕೊಂಡ ಜನ, ಎದ್ದು ಓಡಾಡಲಾರದೆ ಜಗಲಿಯ ಮೇಲೆ ಒರಗಿ, "ಶಾರದಮ್ಮನ ಉಪಚಾರ ಅಂದ್ರೆ ಉಪಚಾರ" ಎಂದು ಹೊಗಳುತ್ತಿದ್ದರು.

ಇಂಥ ಶಾರದಮ್ಮ ಈಗ ಚೆನ್ನೈಗೆ ಬಂದು, ತಾಂಬರಂನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸೋತು ಕೂತಿದ್ದರು. ಸೋಲಿಸಿದವಳು ಮೊಮ್ಮಗಳು ನಿಖಿತಾ. ವಯಸ್ಸು ಐದು, ಯುಕೆಜಿ. ಮಗ ಶ್ರೀನಾಥನಿಗೆ ಎಗ್ಮೋರಿನ ರೈಲ್ವೆ ಕಚೇರಿಯಲ್ಲಿ ಕೆಲಸ, ಸೊಸೆ ನಂದಿತಾಗೆ ಅಲ್ಲೇ ಹತ್ತಿರದ ಬ್ಯಾಂಕಿನಲ್ಲಿ. ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೈನು ಹತ್ತಿದರೆ ಇಬ್ಬರೂ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅದಕ್ಕೇ ಶಾರದಮ್ಮ ಮತ್ತು ನಿವೃತ್ತರಾದ ಅವರ ಯಜಮಾನರು ಮುರಳೀಧರರಾಯರು ಇಲ್ಲಿಗೆ ಬಂದು ನೆಲೆಸಿದ್ದರು. ಬರುವಾಗ ಶಾರದಮ್ಮ ನೆರೆಹೊರೆಯವರಿಗೆ, "ಮಗು ಸೊರಗಿದೆ ಅಂತಾರೆ, ನನ್ನ ಕೈಗೆ ಬರಲಿ, ಆಮೇಲೆ ನೋಡಿ" ಎಂದು ಹೇಳಿಯೇ ಬಂದಿದ್ದರು. ಆ ಮಾತಿಗೆ ಎರಡು ವರ್ಷವಾಗಿತ್ತು. ಮಗುವಿನ ಕೈಕಾಲು ಇನ್ನೂ ಹಂಚಿಕಡ್ಡಿಯ ಹಾಗೆಯೇ ಇದ್ದವು.

ನಿಖಿತಾಳಿಗೆ ಅನ್ನದಲ್ಲಿ ಸಾಸಿವೆ ಕಾಣಬಾರದು, ಕರಿಬೇವು ಕಾಣಬಾರದು. ಸಾರು ಅನ್ನದ ಮೇಲೆ ನಿಲ್ಲಬಾರದು, ಪಕ್ಕದಲ್ಲಿರಬೇಕು. ದೋಸೆಯ ಅಂಚು ಆಗಬಹುದು, ನಡುವಿನದು ಆಗದು. ಶಾರದಮ್ಮ ಇಷ್ಟಕ್ಕೆಲ್ಲ ಜಗ್ಗುವ ಹೆಂಗಸಲ್ಲ. ತಟ್ಟೆ ಹಿಡಿದು ಹಿಂದೆ ಹಿಂದೆ ಓಡಾಡಿದರು, ಕಾಗೆ ತೋರಿಸಿದರು, ಟೀವಿ ಹಾಕಿದರು. ಕೊನೆಗೆ ಡಬ್ಬಿಯಲ್ಲಿ ಮೊಸರನ್ನ ಕಲಸಿಕೊಂಡು ತಾಂಬರಂ ಸ್ಟೇಷನ್ನಿನ ಮೇಲ್ಸೇತುವೆಗೆ ನಡೆದರು. ಒಂದು ಟ್ರೈನು ಬಂದರೆ ಒಂದು ತುತ್ತು. ಮಗು ಬಾಯಿ ತೆರೆದು ಟ್ರೈನು ನೋಡುವಾಗ ಒಳಗೆ ತುರುಕಿಬಿಡುವುದು. ಭಾನುವಾರ ಟ್ರೈನು ಕಡಿಮೆ ಎಂದು ಮುರಳೀಧರರಾಯರ ಮೇಲೆ ರೇಗುತ್ತಿದ್ದರು, ಟೈಮ್ ಟೇಬಲ್ ಬರೆದವರು ಅವರೇ ಎಂಬ ಹಾಗೆ.

ಸೆಪ್ಟೆಂಬರಿನಲ್ಲಿ ಮಕ್ಕಳ ಡಾಕ್ಟರಮ್ಮ ನಿಖಿತಾಳನ್ನು ತೂಗಿ, ಪಟ್ಟಿಯನ್ನು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹದಿಮೂರು ಕಿಲೋ. ಹೋದ ಸಲವೂ ಅಷ್ಟೇ, ಅದರ ಹಿಂದಿನ ಸಲವೂ ಅಷ್ಟೇ. ರಕ್ತ ಪರೀಕ್ಷೆಯಲ್ಲಿ ಯಾವ ಕಾಯಿಲೆಯೂ ಸಿಕ್ಕಿರಲಿಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಬನ್ನಿ, ಆಗಲೂ ಮುಳ್ಳು ಅಲುಗದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಗೆ ಇಳಿಸಿ ಆಹಾರ ಕೊಡಬೇಕಾದೀತು ಎಂದರು. ನಂದಿತಾ ಮಗುವಿನ ಕಿವಿ ಮುಚ್ಚಿ ತಬ್ಬಿಕೊಂಡಳು. ಶಾರದಮ್ಮನಿಗೆ ಡಾಕ್ಟರಮ್ಮನ ತಮಿಳು ಪೂರ್ತಿ ತಿಳಿಯದಿದ್ದರೂ ಮೂಗಿನ ಹತ್ತಿರ ಹೋದ ಅವರ ಬೆರಳು ತಿಳಿಯಿತು. ಸಾವಿರಾರು ಜನಕ್ಕೆ ಹೊಟ್ಟೆ ತುಂಬಿಸಿದ ತಮ್ಮ ಕೈಯಿಂದ ಈ ಒಂದು ಹೊಟ್ಟೆ ತುಂಬಿಸಲಾಗಲಿಲ್ಲವಲ್ಲ ಎಂಬ ಅವಮಾನ ಒಂದು ಕಡೆ, ಆ ಪುಟ್ಟ ಮೂಗಿಗೆ ನಳಿಗೆ ಎಂಬ ಭಯ ಇನ್ನೊಂದು ಕಡೆ. ಭಯವೇ ದೊಡ್ಡದಾಗಿತ್ತು.

ಭಯಕ್ಕೆ ಅವರಿಗೆ ಗೊತ್ತಿದ್ದ ಮದ್ದು ಒಂದೇ, ಇನ್ನೊಂದು ಸೌಟು ಹೆಚ್ಚು ಬಡಿಸುವುದು. ಮಗು ಒಂದು ತುತ್ತು ಮುಗಿಸಿದರೆ ಆ ಜಾಗಕ್ಕೆ ಎರಡು ತುತ್ತು ಬೀಳುತ್ತಿತ್ತು. "ಪೋದುಂ ಅಜ್ಜಿ, ಪೋದುಂ" ಎಂದು ಮಗು ಸ್ಕೂಲಿನ ತಮಿಳಿನಲ್ಲಿ ಗೋಗರೆದರೆ, "ಸಾಕಂತೆ ಸಾಕು! ಇದು ತಾತಂದು, ಇದು ಅಪ್ಪಂದು, ಇದು ಡಾಕ್ಟ್ರಮ್ಮಂದು" ಎಂದು ಹಾಕುತ್ತಲೇ ಇದ್ದರು. ತಟ್ಟೆಯಲ್ಲಿ ಗುಡ್ಡ ಹಾಗೇ ಇರುತ್ತಿತ್ತು. ಮಗು ಬೆರಳಿನಿಂದ ಅನ್ನವನ್ನು ತಟ್ಟೆಯ ಅಂಚಿಗೆಲ್ಲ ಸವರುತ್ತಾ ಒಂದು ತಾಸು ಕೂತು, ಕೊನೆಗೆ ಅತ್ತು ಏಳುತ್ತಿತ್ತು. ಆಮೇಲೆ ತಾತ ಗುಟ್ಟಾಗಿ ಬಿಸ್ಕತ್ತು ಕೊಡುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ರಾಯರು ಮಾಂಬಲಂನ ಸ್ನೇಹಿತರ ಮನೆಗೆ ಹೋಗಿದ್ದರು. ಮಗ ಸೊಸೆ ಇನ್ನೂ ಬಂದಿರಲಿಲ್ಲ. ಮಗುವಿನ ಊಟದ ಯುದ್ಧ ಎಂದಿನಂತೆ ಮುಗಿದು, ಶಾರದಮ್ಮ ಅಡುಗೆಮನೆಯ ನೆಲದ ಮೇಲೆ ತಾವೊಬ್ಬರೇ ತಟ್ಟೆ ಹಾಕಿಕೊಂಡು ಕೂತರು. ನಿಖಿತಾ ಬಂದು, ಸೌಟಿನ ಕಡೆ ಕೈ ತೋರಿಸಿ, "ನಾನ್ ಬಡಿಸ್ತೀನಿ" ಎಂದಳು.

ಶಾರದಮ್ಮನ ಆಯಾಸವೆಲ್ಲ ಹಾರಿಹೋಯಿತು. ಮಗು ತಟ್ಟೆಯ ಎಡದಂಚಿಗೆ ಮೊದಲು ಉಪ್ಪು ಇಟ್ಟಳು. ಆಮೇಲೆ ಪಲ್ಯ ಬಲಕ್ಕೆ, ಅನ್ನ ನಡುವೆ, ಒಂದು ಅಗುಳೂ ಚೆಲ್ಲದೆ. ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ಕಲಿತದ್ದು. ಸೌಟು ಓರೆ ಮಾಡಿ ತಿಳಿಸಾರು ಬಿಟ್ಟ ಆ ಮಣಿಕಟ್ಟಿನ ತಿರುವು ಅಪ್ಪಟ ಶಾರದಮ್ಮನದೇ. ಅವರಿಗೆ ಕಣ್ಣು ತುಂಬಿ ಬಂತು. "ನನ್ನ ಕೈ ಬಂದಿದೆ ಕಣೇ ನಿಂಗೆ" ಎಂದು ಮೊಮ್ಮಗಳ ಕೆನ್ನೆ ಮುಟ್ಟಿ ಊಟಕ್ಕೆ ತೊಡಗಿದರು.

ತಟ್ಟೆಯಲ್ಲಿ ಸ್ವಲ್ಪ ಜಾಗವಾಗುತ್ತಲೇ ಇನ್ನೊಂದು ಸೌಟು ಅನ್ನ ಬಿತ್ತು.

"ಸಾಕು ಪುಟ್ಟಿ."

"ಇದು ತಾತಂದು" ಎಂದಳು ನಿಖಿತಾ. ಶಾರದಮ್ಮ ನಕ್ಕು ಉಂಡರು. ಅಷ್ಟರಲ್ಲಿ ಅಪ್ಪನದೂ ಬಿತ್ತು. ಅಮ್ಮನದು ಬಿತ್ತು. ಮೇಲೆ ಸಾರು. "ಅಯ್ಯೋ ಸಾಕು ಅಂದ್ನಲ್ಲೇ" ಎಂದು ಅವರು ಎರಡು ಕೈಯನ್ನೂ ತಟ್ಟೆಗೆ ಅಡ್ಡ ಹಿಡಿದರು. ಮಗು ಕತ್ತು ಬಗ್ಗಿಸಿ ಸಂದಿ ಹುಡುಕಿ, ಹೆಬ್ಬೆರಳಿನ ಪಕ್ಕದಲ್ಲಿ ಮೊಸರನ್ನ ಇಳಿಸಿಬಿಟ್ಟಳು. ಅವಳ ಮುಖದಲ್ಲಿ ತುಂಟತನವಿರಲಿಲ್ಲ. ಬಹಳ ಪ್ರೀತಿಯಿಂದ, ಬಹಳ ಶ್ರದ್ಧೆಯಿಂದ ಬಡಿಸುತ್ತಿದ್ದಳು. ಅನ್ನ ಚೆಲ್ಲಿ ಏಳುವುದು ಶಾರದಮ್ಮನ ಜಾಯಮಾನದಲ್ಲಿಲ್ಲ, ಉಣ್ಣಲೇಬೇಕು. ಉಂಡರು. ಸೆರಗು ಸಡಿಲ ಮಾಡಿಕೊಂಡು ಉಂಡರು. ಎದೆಯವರೆಗೆ ಬಂದ ಮೇಲೆ ಕೈ ತಾನಾಗಿ ನಿಧಾನವಾಯಿತು. ತಟ್ಟೆಯಲ್ಲಿ ಉಳಿದದ್ದು ಎರಡೇ ತುತ್ತು. ಅದನ್ನು ಬಾಯಿಗೆ ಹಾಕಲು ಅವರಿಗೆ ಧೈರ್ಯ ಬರಲಿಲ್ಲ. ಮುಗಿಸಿದರೆ ಇನ್ನೊಂದು ಸೌಟು ಬೀಳುತ್ತದೆ. ಮುಗಿಸದಿದ್ದರೆ ಬೀಳುವುದಿಲ್ಲ.

ಅವರು ತಮ್ಮ ಕೈ ನೋಡಿಕೊಂಡರು. ಬೆರಳುಗಳು ಅನ್ನವನ್ನು ತಟ್ಟೆಯ ಅಂಚಿಗೆ ಸವರುತ್ತಿದ್ದವು.

ಅವರ ಕೈ ಅಲ್ಲೇ ನಿಂತಿತು. "ಪುಟ್ಟಿ," ಎಂದರು ಮೆಲ್ಲಗೆ, "ಅಜ್ಜಿ ಸಾಕು ಅಂದ್ಲು ತಾನೆ? ಮತ್ಯಾಕೆ ಹಾಕ್ತೀಯಮ್ಮ?"

"ಸಾಕುನ್ನಾ ಇನ್ನೂ ಹಿಡಿಸತ್ತೆ ಅಂತ. ನೀಂಗ ದಾನೇ ಸೊನ್ನೀಂಗ!" ಎಂದಳು ನಿಖಿತಾ. ನೀವೇ ತಾನೆ ಹೇಳಿದ್ದು! ಅಷ್ಟು ತಮಿಳು ಶಾರದಮ್ಮನಿಗೆ ಬರುತ್ತಿತ್ತು.

"ಹಂಗಾದ್ರೆ ನೀನು ಊಟ ಮುಗಿಸದೆ ಇರೋದು..."

"ಮುಗಿಸಿದ್ರೆ ಮತ್ತೆ ಬರತ್ತಲ್ಲ" ಎಂದಳು ಮಗು. ಮಳೆ ಬಂದರೆ ನೆನೆಯುತ್ತೇವಲ್ಲ ಎಂಬಷ್ಟು ಸಹಜವಾಗಿ.

ಶಾರದಮ್ಮ ಇಷ್ಟು ದಿನ ಇದು ಹಸಿವಿಲ್ಲದ ಮಗು ಎಂದುಕೊಂಡಿದ್ದರು, ಹಟಮಾರಿ ಎಂದುಕೊಂಡಿದ್ದರು, ಅವಳ ತಾಯಿಯ ಕಡೆಯ ಬುದ್ಧಿ ಎಂದು ಒಮ್ಮೆ ಬೀಗಿತ್ತಿಯ ಮೇಲೂ ಹಾಕಿದ್ದರು. ಈ ಮಗು ಐದು ವರ್ಷದ ಬುದ್ಧಿಗೆ ನಿಲುಕಿದ ಒಂದೇ ಉಪಾಯ ಮಾಡಿಕೊಂಡಿತ್ತು. ಮದುವೆಗೆ ಬಂದ ನೆಂಟರಾದರೆ ಆ ಒಂದು ಹೊತ್ತು ಸಹಿಸಿ ಮನೆಗೆ ಹೋಗುತ್ತಾರೆ. ಈ ಮಗು ಎಲ್ಲಿಗೆ ಹೋಗಬೇಕು? ಮೂರು ಹೊತ್ತೂ ಇದೇ ಪಂಕ್ತಿ, ಇದೇ ಶಾರದಮ್ಮ. ಯೋಚಿಸಿದಂತೆ ಅವರಿಗೆ ಮಗುವಿನ ಮೇಲೆ ಮರುಕಕ್ಕಿಂತ ಹೆಚ್ಚಾಗಿ ಒಂದು ಬಗೆಯ ಅಭಿಮಾನ ಬಂತು. ಅರಸೀಕೆರೆಯ ಗಟ್ಟಿಮುಟ್ಟಾದ ಗಂಡಸರಿಗೂ ಹೊಳೆಯದ ಉಪಾಯ ಅದು.

ಮರುದಿನ ಭಾನುವಾರ. ಶಾರದಮ್ಮ ಮನೆಯವರನ್ನೆಲ್ಲ ಕೂರಿಸಿ ಕಾನೂನು ಮಾಡಿದರು. ಮಗುವಿನ ಊಟ ಎಲ್ಲರ ಜೊತೆ, ನೆಲದ ಮೇಲೆ, ಹೊತ್ತಿಗೆ ಸರಿಯಾಗಿ. ಟೀವಿ ಇಲ್ಲ, ಟ್ರೈನಿಲ್ಲ. ನಡುನಡುವೆ ಬಿಸ್ಕತ್ತು ಕೊಟ್ಟವರಿಗೆ ರಾತ್ರಿ ಸಾರಿಲ್ಲ. ರಾಯರು ಛಾವಣಿ ನೋಡಿದರು. ಮಗುವಿಗೆಂದೇ ಬೇರೆ ಪುಟ್ಟ ಪಾತ್ರೆಗಳಲ್ಲಿ ಅಡುಗೆ ತೆಗೆದಿಡುವುದು, ಯಾಕೆಂದರೆ ಎಂಜಲು ಕೈ ದೊಡ್ಡ ಪಾತ್ರೆಗೆ ಬೀಳುವುದನ್ನು ಸಹಿಸುವಷ್ಟು ಶಾರದಮ್ಮ ಇನ್ನೂ ಬದಲಾಗಿರಲಿಲ್ಲ. ಆ ಪಾತ್ರೆಗಳಿಂದ ಮಗು ತನಗೆ ಬೇಕಾದಷ್ಟು ತಾನೇ ಹಾಕಿಕೊಳ್ಳಬೇಕು. ಅವಳು ಸಾಕು ಎಂದರೆ ಸಾಕು.

"ಅಷ್ಟೇನಾ?" ಎಂದ ಶ್ರೀನಾಥ.

"ಅಷ್ಟೇ. ಮಾಡೋದು ನನ್ನ ಕೈಲಿ, ಹಾಕ್ಕೊಳೋದು ಅವಳ ಕೈಲಿ."

ಮಾಡುವುದರಲ್ಲಿ ಶಾರದಮ್ಮ ಕೈ ಬಿಡಲಿಲ್ಲ. ಮಗುವಿನ ಪಾತ್ರೆಯ ಅನ್ನಕ್ಕೆ ಬಿಸಿಯಾಗಿದ್ದಾಗಲೇ ತುಪ್ಪ ಬೆರೆಯಿತು. ಮೊಸರು ಕೆನೆಯದಾಯಿತು. ಕಡಲೆಬೀಜ ಹುರಿದು ನುಣ್ಣಗೆ ಪುಡಿ ಮಾಡಿ ದೋಸೆಗೆ ಒತ್ತಿದರು, ದೋಸೆಯನ್ನೇ ರೂಪಾಯಿ ಅಗಲ ಹುಯ್ದರು, ಅಂಚೇ ಎಲ್ಲ, ನಡುವೇ ಇಲ್ಲ. ಒಗ್ಗರಣೆಯ ಸಾಸಿವೆ ಕರಿಬೇವನ್ನು ಮಗುವಿನ ಪಾತ್ರೆಗೆ ಬಿಡಲಿಲ್ಲ, ಆದರೆ ದೊಡ್ಡವರ ಪಾತ್ರೆಯಿಂದ ಬೇಕಿದ್ದರೆ ಕೇಳಬಹುದು ಎಂದಿಟ್ಟರು. ಅದೇನು ದೊಡ್ಡ ರಿಯಾಯಿತಿಯೋ ಎಂಬಂತೆ.

ಮೊದಲ ದಿನ ನಿಖಿತಾ ಎರಡು ಚಮಚ ಮೊಸರನ್ನ ಹಾಕಿಕೊಂಡು ತಿಂದು, "ಪೋದುಂ" ಎಂದು ಅಜ್ಜಿಯ ಕೈಯನ್ನೇ ನೋಡಿದಳು. ಶಾರದಮ್ಮನ ಬಲಗೈ ಸೌಟಿನ ಕಡೆಗೆ ಹೊರಟೇಬಿಟ್ಟಿತ್ತು. ಅದನ್ನು ಎಳೆದುಕೊಂಡು ತೊಡೆಯ ಕೆಳಗೆ ಹಾಕಿ ಕೂತರು. "ಸರಿ, ಕೈ ತೊಳ್ಕೊ ಹೋಗು." ಮಗು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ಹಿಂದೆ ಯಾರೂ ತಟ್ಟೆ ಹಿಡಿದು ಬರಲಿಲ್ಲ. ಎರಡನೆಯ ದಿನವೂ ಎರಡೇ ಚಮಚ. ಮೂರನೆಯ ದಿನ ಒಂದೂವರೆ. ಅವಳು ಪರೀಕ್ಷೆ ಮಾಡುತ್ತಿದ್ದಾಳೆ ಎಂದು ಶಾರದಮ್ಮನಿಗೆ ಗೊತ್ತು. ಗೊತ್ತಿದ್ದರೇನು, ಹೆತ್ತ ಕರುಳಿಗೆ ಗೊತ್ತಾಗಬೇಕಲ್ಲ. ಆ ಸಂಜೆ ಬ್ಯಾಂಕಿನಿಂದ ಬಂದ ನಂದಿತಾ, ಒಂದೂವರೆ ಚಮಚಕ್ಕೇ ಎದ್ದ ಮಗಳನ್ನು ಹಿಡಿದು ಕೂರಿಸಿ, ಸೌಟು ಎತ್ತಿದಳು. ಶಾರದಮ್ಮ ಅವಳ ಮಣಿಕಟ್ಟು ಹಿಡಿದರು.

"ಬಿಡಿ ಅತ್ತೆ! ಇರೋದೂ ಇಳಿದೋಗ್ತಿದೆ. ದೀಪಾವಳಿ ಆಗ್ತಿದ್ದಂಗೆ ಮತ್ತೆ ತೂಗ್ತಾರೆ. ನಾಳೆ ಅವಳ ಮೂಗಿಗೆ..." ನಂದಿತಾ ಕೈ ಬಿಡಿಸಿಕೊಳ್ಳಲು ನೋಡಿದಳು. "ಇಷ್ಟು ದಿನ ನೀವೇ ಬಲವಂತ ಮಾಡಿ, ಈಗ ನೀವೇ ಬೇಡ ಅಂತೀರಿ. ನಾನು ಯಾರನ್ನ ನಂಬ್ಲಿ?"

"ನನ್ನನ್ನ ನಂಬಬೇಡ. ನಾನು ಎರಡು ವರ್ಷ ಬಡಿಸಿ ಕೆಡಿಸಿದೀನಿ" ಎಂದರು ಶಾರದಮ್ಮ. "ಅವಳನ್ನ ನಂಬು. ಅವಳ ಹೊಟ್ಟೆ ಅವಳಿಗೆ ಗೊತ್ತು ಅನ್ನೋದನ್ನ ಅವಳು ಮರೆತಿದಾಳೆ, ನಾನೇ ಮರೆಸಿದ್ದು. ನೆನಪಾಗಕ್ಕೆ ಬಿಡು ನಂದಿತಾ. ಈ ವಾರ ಒಂದು ಬಿಡು, ಆಮೇಲೆ ನಿನ್ನ ಮಗಳು, ನಿನ್ನ ಸೌಟು."

ಮೂವತ್ತು ವರ್ಷದ ಕೀರ್ತಿಯನ್ನು ಅತ್ತೆ ಒಂದೇ ಮಾತಿನಲ್ಲಿ ಕೆಳಗಿಟ್ಟದ್ದನ್ನು ಕಂಡು ನಂದಿತಾ ಸೌಟನ್ನೂ ಕೆಳಗಿಟ್ಟಳು. ಕಣ್ಣೊರೆಸಿಕೊಂಡು ಒಳಗೆ ಹೋದಳು. ಗಟ್ಟಿಯಾಗಿ ಮಾತಾಡಿದ ಶಾರದಮ್ಮ ದೇವರ ಮುಂದೆ ಹೋಗಿ ನಿಂತು, ನನ್ನ ಅಂದಾಜು ಸುಳ್ಳಾದರೆ ಆ ನಳಿಗೆ ನನ್ನ ಮೂಗಿಗೇ ಬರಲಿ ಎಂದು ಬೇಡಿಕೊಂಡರು.

ಶುಕ್ರವಾರ ಸಂಜೆ ಸ್ಕೂಲಿನ ಆಟದಿಂದ ಬೆವೆತು ಬಂದ ನಿಖಿತಾ ತಾತನ ಅಂಗಿಯ ಜೇಬು ಮುಟ್ಟಿ ನೋಡಿದಳು. ಬಿಸ್ಕತ್ತಿಲ್ಲ. ಊಟದ ಹೊತ್ತಿಗೆ ಕರೆಯುವ ಮೊದಲೇ ಬಂದು ಕೂತಳು. ಮೂರು ಚಮಚ ಹಾಕಿಕೊಂಡಳು. ತಿಂದಳು. ತಟ್ಟೆ ಪೂರ್ತಿ ಬರಿದಾಯಿತು. ಬರಿದಾದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಎಲ್ಲರ ಮುಖವನ್ನೂ ನೋಡಿದಳು. ಶ್ರೀನಾಥ ತನ್ನ ತಟ್ಟೆ ನೋಡಿಕೊಂಡ. ರಾಯರು ಕೆಮ್ಮಿದರು. ಶಾರದಮ್ಮನ ಎರಡು ಕೈಯೂ ತೊಡೆಯ ಕೆಳಗಿದ್ದವು. ಯಾರೂ ಏನೂ ಹಾಕಲಿಲ್ಲ, "ಭೇಷ್" ಎಂದೂ ಅನ್ನಲಿಲ್ಲ. ಮಗು ತಟ್ಟೆ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಪುಟ್ಟ ಪಾತ್ರೆಯನ್ನು ಹತ್ತಿರ ಎಳೆದುಕೊಂಡು ತಾನೇ ಇನ್ನೆರಡು ಚಮಚ ಹಾಕಿಕೊಂಡಳು.

ನಂದಿತಾ ಅತ್ತೆಯ ಮುಖ ನೋಡಿದಳು. ಶಾರದಮ್ಮ ಏನೂ ಆಗಿಲ್ಲವೆಂಬಂತೆ, "ಉಪ್ಪಿನಕಾಯಿ ಇತ್ಲಾಗೆ ಕೊಡ್ರೀ" ಎಂದು ರಾಯರಿಗೆ ಹೇಳಿದರು.

ಅಲ್ಲಿಂದ ಎಲ್ಲ ಸಲೀಸಾಯಿತು ಎಂದು ಯಾರಾದರೂ ಹೇಳಿದರೆ ಅವರು ಮಕ್ಕಳನ್ನು ಸಾಕಿದವರಲ್ಲ. ಕೆಲವು ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದಳು, ಕೆಲವು ದಿನ ಅಂಚಿನ ದೋಸೆಯೂ ಬೇಡ. ಬೇಳೆಯನ್ನು ಮೂಸಿ ಇಟ್ಟಳು, ಆಮೇಲೊಂದು ದಿನ ನೆಕ್ಕಿದಳು, ಮತ್ತೊಂದು ದಿನ ಹಾಕಿಕೊಂಡಳು. ಒಂದು ರಾತ್ರಿ ಎಲ್ಲರಿಗೂ ಅಚ್ಚರಿಯಾಗುವಂತೆ ದೊಡ್ಡವರ ಪಾತ್ರೆಯ ಕಡೆ ಬೆರಳು ಮಾಡಿ ಸಾಸಿವೆಯ ಚಿತ್ರಾನ್ನ ಕೇಳಿದಳು. ಒಂದೊಂದು ಸಾಸಿವೆಯನ್ನೂ ಆರಿಸಿ ತೆಗೆದು, ಚಿತ್ರಾನ್ನ ತಿಂದಳು. ಶಾರದಮ್ಮ ಮಾತ್ರ ದೀಪಾವಳಿಯ ಹೋಳಿಗೆಯ ದಿನ ಕೂಡ ಜಗ್ಗಲಿಲ್ಲ. ಮಗು ಅರ್ಧ ಹೋಳಿಗೆ ತಿಂದು ಸಾಕು ಎಂದಾಗ ಉಳಿದರ್ಧ ಪಾತ್ರೆಗೆ ವಾಪಸು ಹೋಯಿತು. ಬೇರೆ ಯಾವ ವ್ರತವೂ ಅವರಿಗೆ ಇಷ್ಟು ಕಷ್ಟವಾಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ನಂದಿತಾ ರಜೆ ಹಾಕಿ, ಮಗಳನ್ನೂ ಅತ್ತೆಯನ್ನೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಕಾಯುವ ಕೋಣೆಯಲ್ಲಿ ಶಾರದಮ್ಮನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಡಾಕ್ಟರಮ್ಮ ನಿಖಿತಾಳ ಚಪ್ಪಲಿ ಬಿಚ್ಚಿಸಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಹದಿಮೂರನ್ನು ದಾಟಿತು, ಹದಿನಾಲ್ಕರ ಗೆರೆಯನ್ನು ಮುಟ್ಟಿ, ಅದನ್ನೂ ಒಂದಿಷ್ಟು ದಾಟಿ ನಿಂತಿತು. ಡಾಕ್ಟರಮ್ಮ ಮಗುವನ್ನು ಇಳಿಸಿ ಮತ್ತೊಮ್ಮೆ ಹತ್ತಿಸಿದರು. ಮುಳ್ಳು ಮತ್ತೆ ಅಲ್ಲಿಗೇ ಬಂದು ನಿಂತಿತು.

ಆಸ್ಪತ್ರೆ ಬೇಡ, ನಳಿಗೆ ಬೇಡ, ಹೀಗೇ ನಡೆಯಲಿ ಎಂದು ಪಟ್ಟಿಯಲ್ಲಿ ಗುರುತು ಹಾಕಿ, ಡಾಕ್ಟರಮ್ಮ ಶಾರದಮ್ಮನ ಕಡೆ ತಿರುಗಿ ನಕ್ಕರು. "ಪಾಟಿ, ಅಪ್ಪಡಿ ಎನ್ನ ಕುಡುತ್ತೀಂಗ?" ಎಂದು ಕೇಳಿದರು. ಅಂಥಾದ್ದು ಏನು ಕೊಟ್ಟಿರಿ ಅಜ್ಜಿ?

ಶಾರದಮ್ಮ ಬಾಯಿ ತೆರೆದರು. ತುಪ್ಪದ ಮಾತಿತ್ತು, ಕಡಲೆಬೀಜದ ಪುಡಿಯ ಮಾತಿತ್ತು. ಅಷ್ಟರಲ್ಲಿ ಉತ್ತರ ಕೊಟ್ಟವಳು ನಂದಿತಾ. ಅತ್ತೆಯ ಹೆಗಲ ಮೇಲೆ ಕೈಯಿಟ್ಟು, ಕೋಣೆಗೆಲ್ಲ ಕೇಳುವಂತೆ, ಮೊದಲು ತಮಿಳಿನಲ್ಲಿ ಹೇಳಿ, ಅತ್ತೆಗೂ ತಿಳಿಯಲೆಂದು ಮತ್ತೆ ಕನ್ನಡದಲ್ಲಿ ಹೇಳಿದಳು.

"ಏನೂ ಬಡಿಸ್ಲಿಲ್ಲ ಡಾಕ್ಟ್ರೆ. ನಮ್ಮತ್ತೆ ಎರಡು ತಿಂಗಳು ಒಂದು ಸೌಟು ಕೂಡ ಬಡಿಸ್ಲಿಲ್ಲ."